ಮುಂಬಾಗಿಲಿಗೊಂದು ಗೇಣು

ಸಂಸಾರದ ಚರಿತ್ರೆಯಲ್ಲಿ ಮದುವೆಯಾದ ದಿನ, ಮಕ್ಕಳು ಹುಟ್ಟಿದ ದಿನ, ಮನೆ ಬದಲಿಸಿದ ದಿನ, ಇವನ್ನೆಲ್ಲ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಮುಂಬಾಗಿಲು ಮೊದಲ ಸಲ ನೆಲಕ್ಕೆ ಉಜ್ಜಿದ ದಿನವನ್ನು ಮಾತ್ರ ಯಾರೂ ಗುರುತು ಹಾಕಿಕೊಳ್ಳುವುದಿಲ್ಲ. ಹಾಕಿಕೊಳ್ಳಬೇಕು. ಅಷ್ಟರಿಂದಲೇ ರಾಜ್ಯಗಳು ಉರುಳಿವೆಯೋ ಇಲ್ಲವೋ ಹೇಳಲಾಗದು. ಟೇಲರನ ಮನೆಯ ನೆಮ್ಮದಿ ಉರುಳಿದ್ದಂತೂ ಅಷ್ಟರಿಂದಲೇ.

ಬಾಗಿಲು ಉಬ್ಬಿತ್ತು. ತೆರೆದರೆ ಹಲ್ಲು ಕಡಿದಂತೆ ಸದ್ದು, ಮುಚ್ಚಬೇಕಾದರೆ ಹೆಗಲು ಕೊಡಬೇಕು. ಟೇಲರನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಬಂದವರ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ದಿನವಿಡೀ ಕೇಳಿ ಕೇಳಿ, ಯಾವ ಪ್ರಶ್ನೆಗೂ ಎರಡು ಉತ್ತರ ಸಾಕು ಎಂಬ ನಂಬಿಕೆ ಅವಳಲ್ಲಿ ಬೇರೂರಿತ್ತು. ಅದೇ ಧಾಟಿಯಲ್ಲಿ ಗಂಡನನ್ನು ಕೇಳಿದಳು: "ಬಡಗೀನ ನೀವು ಕರೀತೀರಾ, ನಾನು ಕರೀಲಾ?"

ಟೇಲರ್ ಮೂರನೆಯ ಉತ್ತರ ಕೊಟ್ಟ. "ನಾನೇ ಮಾಡ್ತೀನಿ ಬಿಡು. ಒಂದು ಬೆರಳಿನಷ್ಟು ತೆಗೆದ್ರೆ ಮುಗೀತು."

ಆ ಮನೆಯಲ್ಲಿ 'ನಾನೇ ಮಾಡ್ತೀನಿ' ಎಂಬ ಮಾತಿಗೆ ದೊಡ್ಡ ಇತಿಹಾಸವಿತ್ತು. ಅಡುಗೆಮನೆಯ ಶೆಲ್ಫು ಡಬ್ಬಿಗಳನ್ನು ಒಂದೇ ಮೂಲೆಗೆ ಜಾರಿಸುತ್ತಿದ್ದುದು ಆ ಮಾತಿನಿಂದ. ಬಚ್ಚಲ ನಲ್ಲಿ ಎಡಕ್ಕೆ ತಿರುಗಿಸಿದರೆ ನಿಂತು, ಬಲಕ್ಕೆ ತಿರುಗಿಸಿದರೆ ಸುರಿಯುತ್ತಿದ್ದುದೂ ಆ ಮಾತಿನಿಂದಲೇ. ಪಡಸಾಲೆಯ ಒಂದು ಗೋಡೆ ಹಸಿರು. ಉಳಿದ ಮೂರು 'ಮುಂದಿನ ಭಾನುವಾರ'ದ ಬಣ್ಣ. ಇದೆಲ್ಲವನ್ನೂ ಅವಳು ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲಿ ಕೂತಿದ್ದುದು ಒಂದೇ: ಇವರಿಬ್ಬರೂ ಜೊತೆಯಾಗಿ, ಎಲ್ಲೋ ಯಾರದೋ ಮದುವೆ ಅಥವಾ ಸಾವು ಇಲ್ಲದೆ, ಸುಮ್ಮನೆ ಒಂದು ಊರಿಗೆ ಹೋಗಿದ್ದೇ ಇರಲಿಲ್ಲ. ಒಮ್ಮೆ ಹೊರಡುವ ಹೊತ್ತಿಗೆ ನೀರಿನ ತೊಟ್ಟಿ ಬಿಚ್ಚಿಟ್ಟಿದ್ದ. ಇನ್ನೊಮ್ಮೆ ಆ ಹಸಿರು ಗೋಡೆ ಹಸಿಯಾಗಿತ್ತು. ಪ್ರತಿ ಸಲ ಚೀಲ ಕಟ್ಟಿದವಳೂ ಅವಳೇ, ಬಿಚ್ಚಿದವಳೂ ಅವಳೇ.

ಈ ಸಲ ಹಾಗಾಗಬಾರದೆಂದು ಅವಳು ಪಣ ತೊಟ್ಟಿದ್ದಳು. ಅವಳಕ್ಕನ ಮನೆ ಸಮುದ್ರದ ದಡದಲ್ಲಿ. ಶನಿವಾರ ಬೆಳಗಿನ ರೈಲು. ಎರಡು ಸೀಟು, ಅಕ್ಕಪಕ್ಕ, ಒಂದು ಕಿಟಕಿಗೆ. ಅಂಗಡಿಯ ಯಜಮಾನನ ಕೈಕಾಲು ಹಿಡಿದು ರಜೆ ಪಡೆದಿದ್ದಳು. ಅಕ್ಕ ಫೋನಿನಲ್ಲಿ ಯಾವಾಗಲೂ, "ನಿನ್ನ ಗಂಡನ್ನ ಕಾದು ಕೂತ್ರೆ ಸಮುದ್ರ ಒಣಗುತ್ತೆ ಕಣೇ, ಒಬ್ಬಳೇ ಬಾ," ಎನ್ನುತ್ತಿದ್ದಳು. "ಒಬ್ಬಳೇ ಬರೋಕೆ ನಾನೇನು ಗಂಡ ಬಿಟ್ಟವಳಾ?" ಎಂದು ಇವಳು ರೇಗುತ್ತಿದ್ದಳು.

ಹಿಂದಿನ ಭಾನುವಾರ ಟೇಲರ್ ಬಾಗಿಲನ್ನು ತಿರುಪು ಬಿಚ್ಚಿ ಕಳಚಿ, ಪಡಸಾಲೆಯ ಹಸಿರು ಗೋಡೆಗೆ ಒರಗಿಸಿದ. ಆಮೇಲೆ ಅದರೆದುರು ಕೂತು ಚಹಾ ಕುಡಿದ. ಚಹಾ ಮುಗಿಯುವಷ್ಟರಲ್ಲಿ ಡೈರೆಕ್ಟರು ಬಂದರು.

ಡೈರೆಕ್ಟರು ಎಂದರೆ ಸಿನಿಮಾದವರಲ್ಲ. ನಿವೃತ್ತ ವಿಜ್ಞಾನ ಮೇಷ್ಟ್ರು. ಬೀದಿಯವರನ್ನೆಲ್ಲ ಕೂಡಿಸಿ ಸಮುದಾಯ ಭವನದಲ್ಲಿ ವರ್ಷಕ್ಕೊಂದು ನಾಟಕ ಆಡಿಸುವುದು ಅವರ ಹುಚ್ಚು. ಈ ವರ್ಷದ್ದು, ಮನೆಗೆ ಬಂದ ನೆಂಟನೊಬ್ಬ ಏನು ಮಾಡಿದರೂ ಹೊರಡದಿರುವ ಕಥೆ. ಅದರಲ್ಲಿ ಟೇಲರನದು ಪಕ್ಕದ ಮನೆಯವನ ಪಾತ್ರ. ನೆಂಟ ಕೊನೆಗೂ ಎದ್ದು ಚೀಲ ಎತ್ತಿಕೊಂಡಾಗಲೆಲ್ಲ ಇವನು ಬಾಗಿಲು ತಟ್ಟಿ ಒಳಬಂದು, "ಒಂದು ಲೋಟ ಸಕ್ಕರೆ ಇದ್ಯಾ?" ಎನ್ನಬೇಕು, ಮಾತಿಗೆ ಮಾತು ಬೆಳೆದು ನೆಂಟ ಮತ್ತೆ ಕೂತುಬಿಡಬೇಕು. ಇಷ್ಟಕ್ಕೆ ಟೇಲರ್ ತಿಂಗಳಿನಿಂದ ಕನ್ನಡಿಯ ಮುಂದೆ ಸಕ್ಕರೆ ಬೇಡುತ್ತಿದ್ದ.

"ಸ್ಟೇಜಿನ ಪ್ಲೈವುಡ್ ಬಾಗಿಲು ತಟ್ಟಿದ್ರೆ ಇಡೀ ಮನೆ ಅಲ್ಲಾಡುತ್ತೆ," ಎಂದು ಡೈರೆಕ್ಟರು ಅಲವತ್ತುಕೊಂಡರು. "ಜನ ನೆಂಟನ್ನ ನೋಡಿ ನಗಬೇಕು, ಗೋಡೆ ನೋಡಿ ನಗ್ತಾರೆ." ಮಾತಾಡುತ್ತಿದ್ದವರ ಕಣ್ಣು ಹಸಿರು ಗೋಡೆಯ ಮೇಲೆ ನಿಂತಿತು. "ಅಲ್ರೀ... ಇದು ಸುಮ್ನೆ ಕೂತಿದೆಯಲ್ಲ?"

"ತಗೊಂಡು ಹೋಗಿ ಸರ್!" ಎಂದ ಟೇಲರ್. "ಹೇಗೂ ಬಿಚ್ಚಿದ್ದೀನಿ. ಬುಧವಾರ, ಗುರುವಾರ ಆಡಿ, ಶುಕ್ರವಾರ ಬೆಳಿಗ್ಗೆ ವಾಪಸ್ ಕೊಡಿ. ನಿಮ್ಮ ಬಡಗಿ ಹತ್ರ ಗರಗಸ ಇರುತ್ತಲ್ಲ, ತಳ ಒಂಚೂರು ಕುಯ್ಯಿಸಿಬಿಡಿ. ನಾನೇ ಗುರುತು ಹಾಕಿಕೊಡ್ತೀನಿ." ಜೇಬಿನಿಂದ ಸೀಮೆಸುಣ್ಣ ತೆಗೆದು, ಬಗ್ಗಿ, ಬಾಗಿಲ ತಳದಲ್ಲಿ ಗೆರೆ ಎಳೆದ.

ಹೆಂಡತಿ ಅಡುಗೆಮನೆಯಿಂದ ಹೊರಬರುವಷ್ಟರಲ್ಲಿ ಬಾಗಿಲು ಬೀದಿ ದಾಟುತ್ತಿತ್ತು.

"ರೀ, ಅದು ನಮ್ಮ ಮುಂಬಾಗಿಲು!"

"ನಾಲ್ಕೈದು ದಿನ ಕಣೇ. ಅಲ್ಲಿವರೆಗೂ ಪರದೆ ಹಾಕ್ತೀನಿ."

ಹಾಕಿದ. ಅವನು ಹೊಲಿಯುವುದು ಶಾಲೆಯ ಯೂನಿಫಾರ್ಮ್. ಕೈಗೆ ಸಿಕ್ಕಿದ್ದು ಅದೇ ನೀಲಿ ಚೌಕಳಿ ಬಟ್ಟೆ. ಅಂದಿನಿಂದ ಮನೆ ದೂರದಿಂದ ಯಾವುದೋ ಶಾಲೆಯ ಹಾಜರಿ ಸಾಲಿನಂತೆ ಕಾಣತೊಡಗಿತು. ಪಾರ್ಸೆಲ್ಲಿನವನು ಬೀದಿಯಲ್ಲೇ ನಿಂತು, "ಮೇಡಂ, ಪರದೇನ ಹೇಗ್ರೀ ತಟ್ಟೋದು?" ಎಂದು ಕೂಗಿದ. ಮೇಲಿನ ಮನೆಯಾಕೆ ಇಣುಕಿ, "ಕ್ಲಿನಿಕ್ ಏನಾದ್ರೂ ಶುರು ಮಾಡಿದ್ರಾ?" ಎಂದಳು. ಗಾಳಿ ಬೀಸಿದಾಗಲೆಲ್ಲ ಪರದೆ ಹಾರಿ, ದಾರಿಹೋಕರಿಗೆ ಇವಳ ಪಡಸಾಲೆ, ಹಸಿರು ಗೋಡೆ, ಒಣಗಲು ಹಾಕಿದ ಬಟ್ಟೆ ಎಲ್ಲವೂ ಉಚಿತ ಪ್ರದರ್ಶನ. ಅವಳು ಅಂಗಡಿಗೆ ಹೋದರೆ ಅವನು ಹೊಲಿಗೆ ಯಂತ್ರವನ್ನು ಮನೆಗೇ ತಂದು ಕಾವಲು ಕೂರಬೇಕು. ಅವನು ರಿಹರ್ಸಲ್ಲಿಗೆ ಹೋದರೆ ಇವಳು.

ಬುಧವಾರ ಮೇಲಿನ ಮನೆಯಾಕೆಯನ್ನು ಕಾವಲಿಗೆ ಕೂರಿಸಿ ಅವಳೂ ನಾಟಕಕ್ಕೆ ಹೋದಳು. ತನ್ನ ಮನೆಯ ಬಾಗಿಲು ವೇದಿಕೆಯ ಮೇಲೆ, ಒಂದು ಎತ್ತರದ ಹಲಗೆಯ ಹೊಸ್ತಿಲಿನ ಹಿಂದೆ, ಬಣ್ಣದ ಬೆಳಕಿನಲ್ಲಿ ಸರಾಗವಾಗಿ ತೆರೆದು ಮುಚ್ಚುತ್ತಿದ್ದುದನ್ನು ನೋಡಿ ಅವಳಿಗೆ ಹೊಟ್ಟೆ ಉರಿಯಿತು. ಮನೆಯಲ್ಲಿ ಒಂದು ದಿನವೂ ಹೀಗೆ ನಡೆದುಕೊಂಡಿರಲಿಲ್ಲ, ಹಾಳಾದ್ದು. ಟೇಲರ್ ತಟ್ಟಿದ. ಗಟ್ಟಿ ಮರದ ಸದ್ದು ಭವನ ತುಂಬಿತು. "ಒಂದು ಲೋಟ ಸಕ್ಕರೆ ಇದ್ಯಾ?" ಜನ ಬಿದ್ದು ಬಿದ್ದು ನಕ್ಕರು. ಮೂರನೆಯ ಸಲ ತಟ್ಟುವ ಮೊದಲೇ ಚಪ್ಪಾಳೆ. ಅವಳೂ ನಕ್ಕಳು, ಸುಳ್ಳೇಕೆ. ಆದರೆ ಮನೆಗೆ ಬರುವಾಗ ಗಂಡ ನಡೆಯುತ್ತಿದ್ದ ರೀತಿಯನ್ನು ಅವಳು ಗಮನಿಸಿದಳು. ಹಾರ ಹಾಕಿಸಿಕೊಂಡವನ ನಡಿಗೆ ಅದು.

ಶುಕ್ರವಾರ ಬೆಳಿಗ್ಗೆ ಬಾಗಿಲು ಬರಲಿಲ್ಲ. ಮಧ್ಯಾಹ್ನವೂ ಬರಲಿಲ್ಲ. ಟೇಲರನನ್ನು ಕೇಳಿದರೆ, "ಬರುತ್ತೆ, ಬರುತ್ತೆ," ಎಂದು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ. ಪೋಣಿಸಿದ ಸೂಜಿಗೇ ಮತ್ತೆ ಪೋಣಿಸುತ್ತಿದ್ದ. ಅವಳು ಚಪ್ಪಲಿ ಮೆಟ್ಟಿಕೊಂಡು ನೇರ ಸಮುದಾಯ ಭವನಕ್ಕೆ ನಡೆದಳು.

ಡೈರೆಕ್ಟರು ಖಾಲಿ ಕುರ್ಚಿಗಳ ನಡುವೆ ಕೂತು ಕಿತ್ತಳೆ ಸುಲಿಯುತ್ತಿದ್ದರು. "ಬನ್ನಿಯಮ್ಮ! ನಿಮ್ಮ ಯಜಮಾನ್ರು ಕಲಾವಿದ ಕಣ್ರೀ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?"

"ಮನೇಲಿ. ಆಗ ಬಾಗಿಲಿತ್ತು ಸರ್. ಬಾಗಿಲು ಎಲ್ಲಿ?"

"ಅದೇ ಹೇಳೋಣ ಅಂತಿದ್ದೆ. ಜನ ಬಿಡ್ತಿಲ್ಲ. ನಾಳೆ ಸಂಜೆ ಇನ್ನೊಂದು ಪ್ರದರ್ಶನ. ನಿಜ ಹೇಳ್ಬೇಕಂದ್ರೆ ಬಾಗಿಲೇ ಈ ನಾಟಕದ ನಾಯಕ."

"ನಾಯಕನಿಗೊಂದು ಮನೆ ಇದೆ ಸರ್. ಮನೆಗೆ ಕಳಿಸಿ. ನಾಳೆ ಬೆಳಿಗ್ಗೆ ನಾವು ಊರಿಗೆ ಹೊರಟಿದ್ದೀವಿ."

ಡೈರೆಕ್ಟರ ಕೈಯಲ್ಲಿ ಕಿತ್ತಳೆಯ ತೊಳೆ ನಿಂತಿತು. "ನಾವು ಅಂದ್ರೆ?"

"ನಾನು, ನಮ್ಮ ಮನೆಯವರು."

"ಅವರು ನಾಳೆ ಇರ್ತೀನಿ ಅಂದ್ರಲ್ಲಮ್ಮ. ನಿನ್ನೆಯೇ ಒಪ್ಪಿಕೊಂಡ್ರು. ಊರಿಗೆ ಹೋಗೋದು ಮುಂದಕ್ಕೆ ಹೋಯ್ತು ಅಂದ್ರು. ನಿಮಗೆ..." ಮುಂದೆ ಹೇಳದೆ ತೊಳೆಯನ್ನು ಬಾಯಿಗೆ ಹಾಕಿಕೊಂಡರು. ಬಾಯಿ ಮುಚ್ಚಿಕೊಳ್ಳಲು ಅವರಿಗೆ ಅದೇ ದಾರಿ.

ಅವಳು ನೇರ ವೇದಿಕೆ ಹತ್ತಿದಳು. ವೇದಿಕೆಯ ಬಡಗಿಯನ್ನು ಕರೆದು ತಿರುಪು ಬಿಚ್ಚಿಸಿದಳು. ಬೀದಿಯಲ್ಲೆಲ್ಲ 'ಸುತ್ತಿಗೆ ಮಾವ' ಎನಿಸಿಕೊಂಡ ಆ ಮನುಷ್ಯ ಬಾಗಿಲನ್ನು ಕೈಗಾಡಿಯ ಮೇಲೆ ಮಲಗಿಸಿದ. ಅವಳು ಅದರ ಹಿಂದೆ ಹಿಂದೆ ನಡೆದಳು. ನೋಡಿದವರಿಗೆ ಯಾರನ್ನೋ ಆಸ್ಪತ್ರೆಗೆ ಸಾಗಿಸುವಂತೆ ಕಂಡಿರಬೇಕು. ಇಬ್ಬರು ದಾರಿ ಬಿಟ್ಟು ನಿಂತರು.

ಮನೆಯಲ್ಲಿ ಟೇಲರ್ ಗಾಡಿ ನೋಡಿದ, ಹೆಂಡತಿಯ ಮುಖ ನೋಡಿದ, ಗಾಡಿಯ ಕಡೆಗೇ ಹೋಗುವುದು ಕ್ಷೇಮವೆಂದು ತೀರ್ಮಾನಿಸಿದ.

"ಬಾಗಿಲು ಕೊಟ್ರಿ, ಸರಿ," ಎಂದಳು ಅವಳು. "ನಿಮ್ಮನ್ನೂ ಕೊಟ್ಟುಬಿಟ್ರಾ?"

"ಹೇಳೋಣ ಅಂತಾನೇ ಇದ್ದೆ ಕಣೇ..."

"ಯಾವಾಗ? ರೈಲು ಹತ್ತಿದ ಮೇಲಾ?"

"ಮೊದಲು ಇದನ್ನ ಕೂರಿಸಿಬಿಡೋಣ," ಎಂದ ಸುತ್ತಿಗೆ ಮಾವ. ಗಂಡಹೆಂಡಿರ ನಡುವೆ ನಿಲ್ಲುವುದಕ್ಕಿಂತ ಬಾಗಿಲು ಎತ್ತುವುದು ಅವನಿಗೆ ಹಗುರ.

ಕೂರಿಸಿದರು. ಕೀಲುಗಳು ತಮ್ಮ ಹಳೆಯ ತೂತುಗಳಲ್ಲಿ ಸಲೀಸಾಗಿ ಕೂತವು. ಟೇಲರ್ ಒಂದು ಬೆರಳಿನಿಂದ ದೂಡಿದ. ಬಾಗಿಲು ಬೆಣ್ಣೆಯ ಮೇಲೆ ಜಾರಿದಂತೆ ಸದ್ದಿಲ್ಲದೆ ಮುಚ್ಚಿಕೊಂಡಿತು. "ನೋಡಿದ್ಯಾ?" ಎಂದು ಅವನು ಹೆಂಡತಿಯ ಕಡೆ ತಿರುಗಿದ. ಆಗಲೇ ಮುಚ್ಚಿದ ಬಾಗಿಲ ಅಡಿಯಿಂದ ಮೇಲಿನ ಮನೆಯ ಬೆಕ್ಕು, ಬೆನ್ನು ಕೂಡ ಬಗ್ಗಿಸದೆ, ಒಳಗೆ ಬಂತು. ಪಡಸಾಲೆಯ ನಡುವೆ ನಿಂತು ಮೂವರನ್ನೂ ನೋಡಿತು. ಮತ್ತೆ ಅದೇ ದಾರಿಯಲ್ಲಿ ಹೊರಗೆ ಹೋಯಿತು.

ಬಾಗಿಲ ಕೆಳಗೆ ಒಂದು ಗೇಣು ಬಯಲು.

ಅವಳು ಬಗ್ಗಿ ನೋಡಿದಳು. ಬೀದಿಯ ಚಪ್ಪಲಿಗಳು, ಒಂದು ಸೈಕಲ್ಲಿನ ಚಕ್ರ, ಎದುರುಮನೆಯ ಮೆಟ್ಟಿಲು, ಎಲ್ಲವೂ ಕನ್ನಡಕವಿಲ್ಲದೆಯೇ ಸ್ಪಷ್ಟ.

"ಒಂದು ಬೆರಳು ಅಂದಿದ್ನಲ್ಲೋ!" ಎಂದು ಟೇಲರ್ ಸುತ್ತಿಗೆ ಮಾವನ ಮೇಲೆ ಏರಿಹೋದ.

"ನೀನು ಎರಡು ಗೆರೆ ಹಾಕಿದ್ದೆಯಪ್ಪ. ಕೆಳಗೊಂದು, ಒಂದು ಗೇಣು ಮೇಲೆ ಇನ್ನೊಂದು. ಮೇಲಿನದು ದಪ್ಪ ಇತ್ತು. ದಪ್ಪಗಿದ್ದದ್ದನ್ನ ಕುಯ್ದೆ. ಹಲಗೆ ಹೊಸ್ತಿಲು ಅಡ್ಡ ಇತ್ತಲ್ಲ, ಅಲ್ಲಿ ಗೊತ್ತಾಗ್ಲಿಲ್ಲ."

"ಕುಯ್ಯೋದು ಕೆಳಗಿನ ಗೆರೆ! ಮೇಲಿನದು ಮಡಚೋಕೆ..." ಎಂದ ಟೇಲರ್, ಎಂದವನು ಅಲ್ಲೇ ನಿಂತ.

ಶಾಲೆಯ ಮಕ್ಕಳ ಲಂಗ, ಪ್ಯಾಂಟು ಹೊಲಿದು ಹೊಲಿದು ಪಳಗಿದ ಕೈ ಅದು. ಎಲ್ಲಿ ಗೆರೆ ಎಳೆದರೂ ಒಂದು ಕತ್ತರಿಗೆ, ಇನ್ನೊಂದು ಒಳಗೆ ಮಡಚಿ ಹೊಲಿಯುವುದಕ್ಕೆ. ಮಕ್ಕಳು ಉದ್ದವಾದರೆ ಬಿಚ್ಚಿ ಇಳಿಸಬಹುದು. ಆ ಕೈಗೆ ಬಟ್ಟೆ ಯಾವುದು, ಬಾಗಿಲು ಯಾವುದು ಎಂದು ಯಾರೂ ಹೇಳಿರಲಿಲ್ಲ.

"ಬೆಳೆಯುತ್ತೆ ಅಂದ್ಕೊಂಡ್ರಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು. "ಬಾಗಿಲು? ಮುಂದಿನ ವರ್ಷ ದೊಡ್ಡ ಕ್ಲಾಸಿಗೆ ಹೋದಾಗ ಇಳಿಸೋಣ ಅಂತಾನಾ?"

ಸುತ್ತಿಗೆ ಮಾವ ಕೆಮ್ಮಿನಂತೆ ಕೇಳಿಸುವ ಹಾಗೆ ನಕ್ಕ. ತಳಕ್ಕೊಂದು ಹಲಗೆ ಜೋಡಿಸಬಹುದೆಂದ. ಆದರೆ ಅಂಟು ಒಣಗಿ, ತಿರುಪು ಕೂತು, ಸೋಮವಾರಕ್ಕೆ ಮೊದಲು ಆಗದೆಂದ. ಅಲ್ಲಿಯವರೆಗೆ ಮನೆ ಬಿಟ್ಟು ಹೋಗುವುದು ಬೇಡ, ಬೆಕ್ಕು ಬಂದ ದಾರಿಯಲ್ಲಿ ಯಾರ ಕೈ ಬೇಕಾದರೂ ಬರಬಹುದು ಎಂದು ಹೇಳಿ ಗಾಡಿ ತಳ್ಳಿಕೊಂಡು ಹೋದ.

ಟೇಲರನ ಮುಖದಲ್ಲಿ, ಬೇಡ ಬೇಡವೆಂದರೂ, ಒಂದು ನಿರಾಳ ಇಣುಕಿತು. ಅವಳು ಅದನ್ನು ಕಂಡಳು. ಅವಳ ಕೆಲಸವೇ ಅದು.

"ಆಯ್ತಲ್ಲ," ಎಂದ ಅವನು. "ಹೇಗೂ ಹೋಗೋಕಾಗಲ್ಲ. ಮುಂದಿನ ತಿಂಗಳು ಖಂಡಿತ. ನಾಳೆ ಸಂಜೆ ನೀನು ಮನೇಲಿದ್ರೆ ನಾನು ಶೋ ಮುಗಿಸಿಕೊಂಡು ಬೇಗ ಬಂದ್ಬಿಡ್ತೀನಿ. ಯಾರಾದ್ರೂ ಒಬ್ರು ಮನೇಲಿರಲೇಬೇಕಲ್ಲ?"

"ಹೌದು," ಎಂದಳು ಅವಳು. "ಯಾರಾದ್ರೂ ಒಬ್ರು ಇರಲೇಬೇಕು."

ಒಳಗೆ ಹೋಗಿ ಕಟ್ಟಿಟ್ಟಿದ್ದ ಚೀಲ ತೆರೆದಳು. ಇಷ್ಟು ವರ್ಷ ಹೀಗೆ ತೆರೆದಾಗಲೆಲ್ಲ ಎಲ್ಲವನ್ನೂ ಹೊರಗೆ ತೆಗೆಯುತ್ತಿದ್ದಳು. ಈ ಸಲ ಅವನ ಅಂಗಿಗಳನ್ನು, ಪಂಚೆಯನ್ನು, ಗಡ್ಡ ಹೆರೆಯುವ ಡಬ್ಬಿಯನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಜೋಡಿಸಿದಳು. ತನ್ನವನ್ನು ಮುಟ್ಟಲಿಲ್ಲ. ಚೀಲ ಅರ್ಧ ಖಾಲಿಯಾಯಿತು. ಮೊದಲ ಸಲ ಅವಳು ಚೀಲದ ಮೇಲೆ ಮಂಡಿಯೂರದೆಯೇ ಜಿಪ್ಪು ಎಳೆದಳು. ಅಕ್ಕನಿಗೆ ಫೋನು ಮಾಡಿದಳು.

"ನಾಳೆ ಬರ್ತಿದ್ದೀನಿ. ಒಬ್ಬಳೇ."

"ಯಾಕೇ? ಜಗಳನಾ?"

"ಇಲ್ಲ ಅಕ್ಕ. ರಿಪೇರಿ."

ಟೇಲರ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ಮಂಚದ ಮೇಲಿನ ಅಂಗಿಗಳ ಮೇಲಿತ್ತು. "ಹಾಗಾದ್ರೆ ನಾಳೆ ಸಂಜೆ ಮನೇಲಿ ಯಾರಿರ್ತಾರೆ?"

"ನೀವೇ ಹೇಳಿದ್ರಲ್ಲ, ಯಾರಾದ್ರೂ ಒಬ್ರು ಅಂತ."

"ಜನ ಕಾಯ್ತಿರ್ತಾರೆ ಕಣೇ. ನನ್ನ ಪಾತ್ರ..."

"ನಾನೂ ಕಾದಿದ್ದೀನಿ," ಎಂದಳು ಅವಳು. ಅದರಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಇದ್ದಿದ್ದರೆ ಅವನು ಸಮಾಧಾನ ಮಾಡಬಹುದಿತ್ತು. ಅವನು ಹೋಗಿ ಯಂತ್ರದ ಮುಂದೆ ಕೂತು ಯಾರದೋ ತೋಳು ಹೊಲಿಯತೊಡಗಿದ.

ಅವಳು ಬೆಳಗಿನ ರೈಲಿಗೆ ಹೋದಳು, ಕಿಟಕಿಯ ಸೀಟಿನಲ್ಲಿ. ನಾಟಕಕ್ಕೆ ಬೇರೆ ಬಾಗಿಲು ಸಿಕ್ಕಿತು. ಸಕ್ಕರೆ ಕೇಳುವುದಕ್ಕೆ ಬೇರೆಯವರೂ ಸಿಕ್ಕಿದರು. ಟೇಲರ್ ಸೋಮವಾರದವರೆಗೆ ಮನೆ ಕಾದ.