ಗೇಣಪ್ಪ ಏರಿಸಿದ ನೆಲ

ತಲೆಯ ಮೇಲೆ ಆಕಾಶವೊಂದನ್ನುಳಿದು ಬೇರೇನೂ ಇಲ್ಲದ ಬಟ್ಟಬಯಲಿನಲ್ಲೂ ಕತ್ತು ಬಗ್ಗಿಸಿಯೇ ನಡೆಯುವವನು ಒಂದೋ ಮಹಾವಿನಯಶೀಲನಾಗಿರಬೇಕು, ಇಲ್ಲವೇ ನಮ್ಮೂರಿನವನಾಗಿರಬೇಕು. ಗಾರೆಕೆಲಸದ ಗೇಣಪ್ಪನಿಗೂ ವಿನಯಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಅವನ ಖಾಕಿ ಕೋಟಿಗೆ ಮೆತ್ತಿದ್ದ ಸಿಮೆಂಟನ್ನು ಕೆರೆದರೆ ಇನ್ನೊಂದು ಮನೆ ಏಳುತ್ತಿತ್ತು. ಬಿಚ್ಚಿಟ್ಟರೆ ಅದು ಗೂಟದ ಹಂಗಿಲ್ಲದೆ ಮೂಲೆಯಲ್ಲಿ ತಾನೇ ಎದ್ದು ನಿಲ್ಲುತ್ತಿತ್ತು.

ನಮ್ಮದು ನದಿಯ ಮಗ್ಗುಲಲ್ಲೇ ಮೈಚಾಚಿ ಮಲಗಿದ್ದ ಸಣ್ಣ ಊರು. ನೆರೆ ಬಂದಾಗಲೆಲ್ಲ ಮನೆಮನೆಯೊಳಗೂ ಕೆಸರು ಬಿಟ್ಟುಹೋಗುತ್ತಿತ್ತು. ಲೋಕದ ಜನ ಕೆಸರನ್ನು ಬಾಚಿ ಹೊರಗೆ ಹಾಕುತ್ತಾರೆ. ನಮ್ಮವರು ಅದನ್ನೇ ತುಳಿದು, ದಮ್ಮಸ್ಸು ಹೊಡೆದು, ಮೇಲೊಂದು ಹೊಸ ನೆಲ ಹಾಸುತ್ತಿದ್ದರು. ಈ ವಿದ್ಯೆಯ ಆದ್ಯಪ್ರವರ್ತಕ ಗೇಣಪ್ಪನೇ. ನೀರಿಳಿದದ್ದೇ ತಡ, ಕರಣೆ ಹಿಡಿದು ಬಂದು ಗೋಡೆಗೆ ಗೇಣು ಹಾಕಿ, "ಒಂದು ಗೇಣು ಏರಿಸಿದ್ರೆ ಮುಗೀತು. ಮುಂದಿನ ಸಲ ನೀರು ಹೊಸ್ತಿಲು ನೋಡಿ, ನಾಚ್ಕೊಂಡು ವಾಪಸ್ ಹೋಗುತ್ತೆ" ಎನ್ನುತ್ತಿದ್ದ. ಹೆಸರು ಬಂದದ್ದು ಹಾಗೆ.

ನೀರಿಗೆ ನಾಚಿಕೆ ಹುಟ್ಟಲಿಲ್ಲ. ನೆಲ ಏರಿತು, ಚಾವಣಿ ಇದ್ದಲ್ಲೇ ಇತ್ತು. ಕ್ಷೌರಿಕನ ಕಸುಬಿಗೆ ಕೈಹಾಕತೊಡಗಿದ ಫ್ಯಾನುಗಳನ್ನು ಬಿಚ್ಚಿಟ್ಟರು. ದೀಪದ ಸ್ವಿಚ್ಚು ಮೊಣಕಾಲಿಗೆ ಬಂತು. ಅಳಿಯನನ್ನು ಹುಡುಕುವಾಗ ಗುಣಕ್ಕಿಂತ ಮೊದಲು ಎತ್ತರ ವಿಚಾರಿಸುತ್ತಿದ್ದರು.

ಸರ್ಕಾರ ಗುಡ್ಡದ ಮೇಲೆ ನಿವೇಶನ ಕೊಡುವ ಮಾತು ಹುಟ್ಟಿದಾಗ ಮೊದಲು ಬಾಯಿಬಿಟ್ಟವಳು ಅವನ ಅಕ್ಕ. ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು, ಮೊಣಕಾಲು ಮಡಿಸಲಾಗದ ಮುದುಕಿ.

"ಹೋಗ್ಬಿಡೋಣ ಕಣೋ. ನನ್ನ ಕೈಲಿ ಬಗ್ಗೋಕಾಗಲ್ಲ."

"ನೀನೇ ಹೊರಟ್ರೆ ಊರೇ ಎದ್ದು ಹೊರಡುತ್ತೆ ಅಕ್ಕ. ಗೇಣಪ್ಪನ ಅಕ್ಕನೇ ಅವನ ನೆಲ ನಂಬಲ್ಲ ಅಂತಾರೆ."

"ಆಯ್ತಪ್ಪ. ನಿನ್ನ ಮರ್ಯಾದೆ ಒಣಗಿರಲಿ, ನಾನು ನೆನೀತೀನಿ."

ಅವಳು ಉಳಿದಳು, ಅವಳನ್ನು ನೋಡಿ ಊರೂ ಉಳಿಯಿತು.

ಕೊನೆಯ ನೆರೆ ಹಾಡಹಗಲೇ ಬಂತು. ಒಳಗೆ ನೀರು ಎದೆಯವರೆಗೆ. ಬಾಗಿಲು ಉಳಿದಿದ್ದುದೂ ಎದೆಯೆತ್ತರವೇ. ಹೊರಬರುವವರು ಮುಖ ಮುಳುಗಿಸಿ, ನುಸುಳಿ ಬರಬೇಕು. ಊರವರು ಹಾಗೇ ಬಂದರು. ಅಕ್ಕ ಒಳಗೇ ಉಳಿದಳು. ಕಿಟಕಿಗಳಿಗೆಲ್ಲ ಕಬ್ಬಿಣದ ಕಂಬಿ.

"ಅಕ್ಕಾ, ಉಸಿರು ಬಿಗಿಹಿಡಿದು ಒಂದ್ಸಲ ಮುಳುಗಿ ಬಂದ್ಬಿಡು!"

"ಮಂಡಿ ಮಡಿಸೋಕಾದ್ರೆ ತಾನೇ ಮುಳುಗೋದು? ಗೋಡೆ ಒಡಿಯೋ!"

ಗೇಣಪ್ಪ ಹೊರಗೆ ಜಗುಲಿಯ ಮೇಲೆ ನಿಂತು, ಹಾರೆಯೆತ್ತಿ ಬಾಗಿಲ ಮೇಲಿನ ಗೋಡೆಗೆ ಬಡಿದ. ಅವನದೇ ಕೈಯ ಗಾರೆ; ಕಿಡಿ ಹಾರುತ್ತಿತ್ತೇ ಹೊರತು ಗೋಡೆ ಜಗ್ಗಲಿಲ್ಲ. ಗಟ್ಟಿ ಕೆಲಸಗಾರನೆಂದು ಊರೆಲ್ಲ ಹೊಗಳಿದ್ದವನು ಅಂದು ಹೊಡೆಹೊಡೆಯುತ್ತ ತನ್ನನ್ನೇ ಬೈದುಕೊಳ್ಳುತ್ತಿದ್ದ. ಕಡೆಗೂ ಗೋಡೆ ಬಿರಿದು, ಅವಳನ್ನು ಎಳೆದು ಹೊರತಂದಾಗ ನೀರು ಅವಳ ಗದ್ದ ದಾಟಿತ್ತು. ಕೆಮ್ಮುತ್ತಲೇ ಅವಳೆಂದಳು: "ನೆಲ ಏರಿಸಿದೆ, ಸರಿ. ಸೂರು ಏರಿಸೋರು ಯಾರೋ?"

ಮರುವಾರ ಅವಳು ಗುಡ್ಡಕ್ಕೆ ಹೊರಟ ಲಾರಿ ಹತ್ತಿದಳು. ಗೇಣಪ್ಪ ತಡೆಯಲಿಲ್ಲ. ಅವನು ಹೆದರಿದ್ದಂತೆಯೇ ಊರೂ ಅವಳ ಬೆನ್ನಿಗೆ ಹೊರಟಿತು. ಆದರೆ ಆ ನೀರು ಅವಳ ಎದೆಯಿಂದ ಇಳಿಯಲೇ ಇಲ್ಲ. ಗುಡ್ಡದ ಬಿಸಿಲು ಅವಳಿಗೆ ದಕ್ಕಿದ್ದು ಒಂದೇ ಬೇಸಿಗೆ. "ಇಲ್ಲಿ ಗಾಳಿ ಎಷ್ಟು ಚೆನ್ನಾಗಿದೆ ನೋಡೋ" ಎಂದು ದಿನವೂ ಹೇಳುತ್ತಿದ್ದಳು. ಅದಕ್ಕಿಂತ ಕಠಿಣವಾದ ಬೈಗುಳವನ್ನು ಗೇಣಪ್ಪ ಯಾರಿಂದಲೂ ಕೇಳಿರಲಿಲ್ಲ. ಹೊಸ ಮನೆಗಳಿಗೆ ನೆಲ ಹಾಸಲು ಕರೆದವರಿಗೆಲ್ಲ, "ನನ್ನ ಕೈ ಗಟ್ಟಿ, ಅದಕ್ಕೇ ಬೇಡ" ಎಂದುಬಿಟ್ಟ.

ಇಂಥವರನ್ನು ಹಟಮಾರಿಗಳೆಂದು ತಳ್ಳಿಬಿಡುವುದು ಸುಲಭ. ಆದರೆ ಮುಳುಗುವ ಊರಿಗೆಲ್ಲ ಇಂಥವನೊಬ್ಬ ಸಿಕ್ಕೇ ಸಿಗುತ್ತಾನೆ. ಸಿಗದಿದ್ದರೆ ಊರೇ ಒಬ್ಬನನ್ನು ಮಾಡಿಕೊಳ್ಳುತ್ತದೆ. ಬಿಟ್ಟು ಹೋಗಲಾರದ ಸಾವಿರ ಮನಸ್ಸುಗಳ ಮಾತನ್ನು ಒಬ್ಬನ ಬಾಯಲ್ಲಿ ಹೇಳಿಸಿ, ಅದನ್ನೇ ವೇದವಾಕ್ಯವೆಂದು ನಂಬಿ ಕೂರುತ್ತದೆ. ಎಲ್ಲ ಮುಳುಗಿದ ಮೇಲೆ ತಪ್ಪನ್ನು ಅವನೊಬ್ಬನ ಹೆಗಲಿಗೆ ಹೊರಿಸಿ, ಊರು ಒಣಬಟ್ಟೆ ಉಟ್ಟುಕೊಳ್ಳುತ್ತದೆ.