ಅಲ್ಪವಿರಾಮದ ಕೆಳಗಿನ ಜಾಗ

ಗಂಗುಲಮ್ಮನ ಬೆರಳುಗಳು ಹಿತುಕಿದ ಅವರೆಬೇಳೆಯಂತಿದ್ದವು. ಬೆಳ್ಳಗೆ, ಉಬ್ಬಿ, ಸಿಪ್ಪೆ ಸುಲಿದು. ಶಿಡ್ಲಘಟ್ಟದಲ್ಲಿ ಮುರಳಿಮೋಹನನ ಕಾರ್ಖಾನೆ. ಅಲ್ಲಿ ಕುದಿನೀರಿಗೆ ಕೈಹಾಕಿ ರೇಷ್ಮೆಗೂಡಿನ ಎಳೆ ಹುಡುಕುವುದು ಅವಳ ಕೆಲಸ. ಮಗಳು ವರಲಕ್ಷ್ಮಿಯದೂ ಅದೇ ಕೆಲಸವಾಗಿತ್ತು. ಹೋದ ತಿಂಗಳು ಬಾಯ್ಲರ್ ಸಿಡಿಯಿತು. ವರಲಕ್ಷ್ಮಿ ಹೋದಳು. ಹೊಸ ಬಾಯ್ಲರ್ ಬಂತು.

ನಾನು ಮೇಲೂರಿನ ನಿವೃತ್ತ ಮೇಷ್ಟ್ರು. ಅರ್ಜಿ ಬರೆಸುವವರು ನನ್ನ ಜಗಲಿಗೆ ಬರುತ್ತಾರೆ. ವರಲಕ್ಷ್ಮಿ ನನ್ನಲ್ಲೇ ಅಕ್ಷರ ಕಲಿತವಳು. ಬೆಳಿಗ್ಗೆ ನಾನು ದೇವರ ದೀಪ ಹಚ್ಚುವ ಹೊತ್ತಿಗೆ, "ಮೇಷ್ಟ್ರೇ, ಹೋಗ್ಬರ್ತೀನಿ" ಎಂದು ಬೇಲಿಯಾಚೆಯಿಂದ ಕೂಗಿ ಬಸ್ಸಿಗೆ ಓಡುತ್ತಿದ್ದಳು. ಹೆಂಡತಿ ಅಕ್ಕಯ್ಯಮ್ಮ ತೀರಿಕೊಂಡ ಮೇಲೆ ನನಗೆ ಹೇಳಿ ಹೋಗುತ್ತಿದ್ದವಳು ಅವಳೊಬ್ಬಳೇ. ಈಗಲೂ ಆ ಹೊತ್ತಿಗೆ ಕಡ್ಡಿ ಗೀರಿದ ಕೈ ನಿಲ್ಲುತ್ತದೆ. ಕೂಗು ಕೇಳಿಸುತ್ತದೆ. ಬೆರಳು ಸುಡುವವರೆಗೂ ಕಾಯುತ್ತೇನೆ.

"ನನ್ನ ಮಗಳು ಕೆಲಸಕ್ಕೇ ಇರ್ಲಿಲ್ಲವಂತೆ ಮೇಷ್ಟ್ರೇ," ಎಂದಳು ಗಂಗುಲಮ್ಮ. "ನನಗೆ ಬುತ್ತಿ ಕೊಡೋಕೆ ಬಂದಿದ್ಲಂತೆ. ಪರಿಹಾರ ಕೊಡ್ಬೇಕಾಯ್ತದೆ ಅಂತ ಓನರ್ರು ಲೇಬರ್ ಕಚೇರಿಗೆ ಹಂಗೆ ಬರ್ಕೊಟ್ಟವ್ರೆ. ಸುಳ್ಳು ಅಂತ ಬರೀರಿ."

ಬರೆದೆ. ಕೊನೆಗೆ ರೂಢಿಯಂತೆ "ಇಂತಿ ತಮ್ಮ ವಿಧೇಯಳು" ಎಂದು ಬರೆದು, ಅಲ್ಪವಿರಾಮ ಹಾಕಿ, ಓದಿ ಹೇಳಿದೆ.

"ವಿಧೇಯಳು ಅಂದ್ರೆ?"

"ಹೇಳಿದ ಮಾತು ಕೇಳೋಳು ಅಂತ. ಕೊನೇಲಿ ಹಂಗೇ ಬರೀಬೇಕು ಕಣಮ್ಮ."

ಅವಳು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಬಾಯ್ಲರು ಶಬ್ದ ಮಾಡ್ತೈತೆ ಅಂತ ವರಲಕ್ಷ್ಮಿ ಹೇಳಿದ್ಲು. ಬಾಯ್ಮುಚ್ಕೊಂಡು ಎಳೆ ತೆಗಿ ಅಂದ್ರು. ಮಾತು ಕೇಳಿದ್ಲು. ಇನ್ನೂ ಕೇಳ್ಬೇಕಾ? ಹೊಡೀರಿ ಅದನ್ನ."

ಹೊಡೆದುಹಾಕಿದೆ. "ಹೋಗ್ಲಿ, ವಂದನೆಗಳೊಂದಿಗೆ ಅಂತ ಹಾಕ್ಲಾ?"

"ವಂದನೆ ಹೇಳಿ ಹೋಗೋದಾ? ಸಾವಿನ ಮನೆಯಿಂದ ಯಾರಾನಾ ಹೇಳಿ ಹೋಗ್ತಾರಾ ಮೇಷ್ಟ್ರೇ? ಅಕ್ಕಯ್ಯಮ್ಮೋರು ಹೋದಾಗ ನಾನೂ ಸುಮ್ಕೆ ಎದ್ದೋದೆ."

ಹೊಸ ಹಾಳೆ ತೆಗೆದು, ಕೊನೆಯಲ್ಲಿ "ಇಂತಿ, ವರಲಕ್ಷ್ಮಿಯ ತಾಯಿ," ಎಂದು ಬರೆದೆ.

"ಇದೇನು, ತುದೀಲಿ ಬಾಲ?"

"ಅದಿದ್ರೆ ಇನ್ನೂ ಮುಗಿದಿಲ್ಲ, ಕೆಳಗೆ ಯಾರೋ ಬರ್ತಾರೆ ಅಂತ."

"ಬರ್ತಾರಾ?" ಎಂದು ಬೇಲಿಯ ಕಡೆ ನೋಡಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಜಿಲ್ಲೆ ಹೊಸದಾಗಿತ್ತು. ನಾವಿಬ್ಬರೂ ಅರ್ಜಿ ಹಿಡಿದು ಹೋದಾಗ ಕಚೇರಿಯ ಬಾಗಿಲಿಗೆ ಬಳಿದ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಗುಮಾಸ್ತ ಕನಕರಾಜ್ ಅರ್ಜಿಯನ್ನು ಓದಲಿಲ್ಲ. ಕೊನೆಯನ್ನಷ್ಟೇ ನೋಡಿದ.

"ಏನಜ್ಜ, ಮೇಷ್ಟ್ರಾಗಿದ್ದೋರು ನೀವು. ವಿಧೇಯ ಇಲ್ಲ, ವಂದನೆ ಇಲ್ಲ. ಸಾಹೇಬ್ರಿಗೆ ಬರೆಯೋದು ಹಿಂಗಾ? ಮುರಳಿಮೋಹನ್ ಅವರದು ನೋಡಿ ಕಲೀರಿ."

ಫೈಲು ತೆರೆದು ತೋರಿಸಿದ. ತಮ್ಮ ವಿಧೇಯ. ಅಲ್ಪವಿರಾಮ. ಕೆಳಗೆ ದುಂಡನೆಯ ಸಹಿ. ಸುಳ್ಳಿನ ಕೊನೆ ಅಚ್ಚುಕಟ್ಟಾಗಿತ್ತು.

"ಈ ಹೆಬ್ಬೆಟ್ಟಲ್ಲಿ ಗೆರೇನೇ ಇಲ್ವಲ್ಲಮ್ಮ. ಮಸಿ ಚೆಲ್ಲಿದಂಗೈತೆ. ನಿಂದೇ ಅಂತ ಹೆಂಗೆ ನಂಬೋದು?"

ಗಂಗುಲಮ್ಮ ಕೈ ಚಾಚಿದಳು. "ಗೆರೆ ಓನರ್ರ ಬಿಸಿನೀರಲ್ಲೈತೆ ಸಾಮಿ. ಹೋಗಿ ತಗೊಂಡ್ಬನ್ನಿ."

ಅವನು ಅರ್ಜಿಯನ್ನು ನಮ್ಮ ಕಡೆಗೆ ತಳ್ಳಿದ. ಅವಳು ಬರ್ತೀನಿ ಎಂದೂ ಹೇಳದೆ ಎದ್ದಳು.

ಸೋಮವಾರ ಬೆಳಿಗ್ಗೆ ಕಡ್ಡಿ ಗೀರಿದ್ದೆ. ಬೇಲಿಯಾಚೆ ಹೆಜ್ಜೆಯ ಸದ್ದು. "ಮೇಷ್ಟ್ರೇ" ಎಂಬ ಕೂಗು. ಕಡ್ಡಿ ಎಸೆದೆ. ದೇವರೇ, ಎಂದು ಹೊರಗೆ ಬಂದೆ. ವರಲಕ್ಷ್ಮಿಯ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದ ರಾಧಾಮಣಿ ನಿಂತಿದ್ದಳು. ಹಿಂದೆ ಗಂಗುಲಮ್ಮ, ಕಾರ್ಖಾನೆಯ ಹೆಂಗಸರೆಲ್ಲ.

"ಇವತ್ತು ಕೆಲಸಕ್ಕೆ ಹೋಗಲ್ಲ. ನಮ್ಮ ಹೆಬ್ಬೆಟ್ಟೂ ಒತ್ತಿಸ್ಕೊಳ್ಳಿ," ಎಂದಳು ರಾಧಾಮಣಿ.

"ಕೆಲಸ ಹೋಗುತ್ತೆ ಕಣಮ್ಮ."

"ಹೋಗ್ಲಿ. ನಾಳೆ ನಾನು ಸತ್ರೆ ನಾನೂ ಬುತ್ತಿ ತಂದೋಳು ಆಗ್ತೀನಿ."

"ನಿನ್ನ ಸಾರಿನ ರುಚಿಗೆ ಯಾರೂ ನಂಬಲ್ಲ ಕಣೇ," ಎಂದಳು ಹಿಂದಿನಿಂದ ಒಬ್ಬಳು. ಎಲ್ಲರೂ ನಕ್ಕರು. ಗಂಗುಲಮ್ಮನ ಮುಖ ನೋಡಿ ಸುಮ್ಮನಾದರು.

ಮತ್ತೆ ಬರೆದೆ. "ಇಂತಿ, ವರಲಕ್ಷ್ಮಿ ಮತ್ತು ಅವಳ ಜೊತೆ ಕೆಲಸ ಮಾಡಿದವರು," ಎಂದು ಕೊನೆಗೆ ಹಾಕಿದೆ. ರಾಧಾಮಣಿ ಅಲ್ಪವಿರಾಮದ ಕೆಳಗೆ ಒಂದಿಷ್ಟು ಜಾಗ ಬಿಟ್ಟು ಒತ್ತಿದಳು. ಯಾರೂ ಯಾಕೆಂದು ಕೇಳಲಿಲ್ಲ. ಉಳಿದವರು ಅದರ ಸುತ್ತ ಒತ್ತಿದರು. ಹಾಳೆ ತುಂಬಿತು. ಒಂದರಲ್ಲೂ ಗೆರೆಯಿಲ್ಲ.

ಅವರ ಮೈಗೆ ಅಂಟಿದ್ದ ಬೆಂದ ರೇಷ್ಮೆಹುಳುವಿನ ವಾಸನೆ ಕಚೇರಿಯನ್ನೆಲ್ಲ ತುಂಬಿತು. ಕನಕರಾಜ್ ಮೂಗಿಗೆ ಕರವಸ್ತ್ರ ಹಿಡಿದ.

"ಇದ್ರಲ್ಲಿ ಯಾರ್ದು ಯಾವ್ದು?"

ರಾಧಾಮಣಿ ಮೇಜಿನ ಮೇಲೆ ಕೈಯಿಟ್ಟಳು. ಪಕ್ಕದವಳೂ ಇಟ್ಟಳು. ಬಿಳಿಚಿದ ಕೈಗಳು ಫೈಲುಗಳ ಮೇಲೆಲ್ಲ ಬಂದು ಕೂತವು.

"ಹೊಂದಿಸಿ ನೋಡ್ಕೊಳ್ಳಿ ಸಾಮಿ. ನಾವಿಲ್ಲೇ ಇರ್ತೀವಿ," ಎಂದಳು ರಾಧಾಮಣಿ.

ಅವನು ಒಳಕೋಣೆಯ ಕಡೆ ನೋಡಿದ. ಯಾರೂ ಬರಲಿಲ್ಲ. ಅರ್ಜಿ ಬಂದಿದೆ ಎಂಬ ಮೊಹರನ್ನು ಎತ್ತಿಕೊಂಡ. ಹಾಳೆಯಲ್ಲಿ ಖಾಲಿ ಉಳಿದದ್ದು ಆ ಜಾಗವೊಂದೇ. ಕೈ ಅಲ್ಲಿಗೆ ಇಳಿಯಿತು.

"ಅಲ್ಲಿ ಬೇಡ ಸಾಮಿ," ಎಂದಳು ಗಂಗುಲಮ್ಮ. "ಅಲ್ಲಿ ನನ್ನ ಮಗಳವ್ಳೆ."

ಮೊಹರು ಗಾಳಿಯಲ್ಲೇ ನಿಂತಿತು. ಕನಕರಾಜ್ ಕಾಗದವನ್ನು ತಿರುವಿ ಹಿಂಬದಿಗೆ ಒತ್ತಿದ.