ಆರರಿಂದ ಒಂಬತ್ತೂವರೆಯವರೆಗೆ

ಇಲೆಕ್ಟ್ರಿಷಿಯನ್ ಗಂಡನಿಗೆ ವೈರಿನ ವಿಷಯದಲ್ಲಿ ಸುಳ್ಳು ಹೇಳಿದ ಹೆಂಗಸು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಹೇಳಿದ್ದಷ್ಟೇ ಅಲ್ಲ, ಎರಡು ವರ್ಷ ದಕ್ಕಿಸಿಕೊಂಡೆ. ಮೈಕು, ಸ್ಪೀಕರು, ವೈರು ಎಲ್ಲ ಜೋಡಿಸಿ ಸರಿಮಾಡುವುದಕ್ಕೆ ಮೂರು ಗಂಟೆಗೂ ಮೇಲೆ ಹಿಡಿಯುತ್ತದೆ, ಆದ್ದರಿಂದ ಆರಕ್ಕೇ ಅಲ್ಲಿರಬೇಕು ಅಂದಿದ್ದೆ. ನಿಜವಾಗಿ ಹಿಡಿಯುವುದು ಕಾಲು ಗಂಟೆ. ನನ್ನವರು ವೈರನ್ನು ಅನುಮಾನಿಸುತ್ತಾರೆ, ಸ್ವಿಚ್ಚನ್ನು ಅನುಮಾನಿಸುತ್ತಾರೆ, ನನ್ನನ್ನು ಮಾತ್ರ ಯಾವತ್ತೂ ಅನುಮಾನಿಸಿದವರಲ್ಲ.

ಗುರುವಾರ ಮತ್ತು ಶನಿವಾರ ನಾನು ಒಂದು ಬಾರಿನಲ್ಲಿ ಹಾಡುತ್ತೇನೆ. ಆಗ ಹಾಡು ಶುರುವಾಗುತ್ತಿದ್ದದ್ದು ಒಂಬತ್ತೂವರೆಗೆ. ಹಗಲಿಡೀ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು ಫೋನ್ ಎತ್ತುವುದು, ಕೆನ್ನೆ ಹಿಡಿದುಕೊಂಡು ಬಂದವರಿಗೆ ಇನ್ನೊಂದೈದು ನಿಮಿಷ ಅಂತ ಸುಳ್ಳು ಸಮಾಧಾನ ಹೇಳುವುದು ನನ್ನ ಕೆಲಸ. ಐದೂವರೆಗೆ ಅಲ್ಲಿಂದ ಬಿಟ್ಟರೆ ಆರಕ್ಕೆ ಬಾರು. ಹಿಂದಿನ ಮೆಟ್ಟಿಲು ಹತ್ತಿದರೆ ಒಂದು ಸ್ಟೋರ್ ರೂಮು. ಖಾಲಿ ಬಾಟಲಿಯ ಕ್ರೇಟುಗಳು, ಕಾಲು ಮುರಿದ ಸ್ಟೂಲುಗಳು, ಅಂಗೈಯಗಲದ ಕಿಟಕಿ. ಒಂದು ಕ್ರೇಟನ್ನು ಬೋರಲು ಹಾಕಿ, ಚಪ್ಪಲಿ ಬಿಟ್ಟು, ಫೋನ್ ಆಫ್ ಮಾಡಿ ಕೂರುತ್ತಿದ್ದೆ. ಲೈಟ್ ಹಾಕುತ್ತಿರಲಿಲ್ಲ.

ಅಲ್ಲಿ ಏನು ಮಾಡುತ್ತಿದ್ದೆ ಅಂದರೆ, ಏನೂ ಇಲ್ಲ. ಕೆಳಗೆ ಗ್ಲಾಸು ತೊಳೆಯುವ ಸದ್ದು ಕೇಳುತ್ತಿತ್ತು, ಅದನ್ನು ನಾನು ತೊಳೆಯಬೇಕಾಗಿರಲಿಲ್ಲ. ಯಾರೋ ಯಾರನ್ನೋ ಕೂಗುತ್ತಿದ್ದರು, ಅದು ನನ್ನನ್ನಲ್ಲ. ಇದರಲ್ಲೆಂಥ ಸುಖ ಅನ್ನುವವರಿಗೆ ನಮ್ಮ ಮನೆ ತೋರಿಸಬೇಕು. ಇರುವುದು ಎರಡು ಕೋಣೆ. ಒಂದರಲ್ಲಿ ಸೊಂಟ ಮುರಿದುಕೊಂಡು ಮಲಗಿರುವ ಅತ್ತೆ, ಇನ್ನೊಂದರಲ್ಲಿ ನನ್ನವರು, ಮಗಳು, ನಾನು. ಅತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎದುರು ಮಾತಾಡಿಯಾದರೂ ಹಗುರಾಗಬಹುದಿತ್ತು. ನಾನು ಬಚ್ಚಲಿಗೆ ಹೋಗಿ ಐದು ನಿಮಿಷವಾದರೆ ಸಾಕು, ತಲೆ ಸುತ್ತಿ ಬಿದ್ದಳೇನೋ ಎಂದು ಮಲಗಿದಲ್ಲಿಂದಲೇ ಕೂಗುತ್ತಾರೆ. ಮಗಳು ಬಾಗಿಲು ಬಡಿಯುತ್ತಾಳೆ. ನನ್ನವರು ಬಲ್ಬು ಹೋಯಿತೇನೋ ಎಂದು ಟೆಸ್ಟರ್ ಹಿಡಿದು ಬರುತ್ತಾರೆ. ಆ ಎರಡು ಸಂಜೆ ಅಡುಗೆ, ಅತ್ತೆಯ ಮಾತ್ರೆ, ಮಗಳ ಲೆಕ್ಕ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು, ಗೊಣಗದೆ. ನನಗೆ ನಾಚಿಕೆಯಾಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೂ ಹೋಗಿ ಕೂರುತ್ತಿದ್ದೆ. ವಾರಕ್ಕೆ ಆ ಏಳು ಗಂಟೆ ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು.

ಇದಕ್ಕೆ ಕಲ್ಲು ಬಿದ್ದದ್ದು ಬೇಕರಿಯವನಿಂದ. ನಮ್ಮ ತಂಡದಲ್ಲಿ ಡ್ರಮ್ ಬಾರಿಸುವವನು ಅವನೇ. ಗಿಟಾರಿನವನಿಗೆ ಕನ್ನಡಕದ ಅಂಗಡಿ. ಮೂರನೆಯವಳು ನಾನು. ಹನ್ನೆರಡಕ್ಕೆ ಡ್ರಮ್ ಕಟ್ಟಿಟ್ಟು ಹೋಗುವ ಬೇಕರಿಯವನು ಬೆಳಗಿನ ಮೂರಕ್ಕೆ ಎದ್ದು ಹಿಟ್ಟು ನಾದಬೇಕು. ಒಂದು ಶುಕ್ರವಾರ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ, ಕಾದ ಟ್ರೇ ಮೇಲೆ ಕೈ ಊರಿಬಿಟ್ಟ. ಮರುದಿನ ಬ್ಯಾಂಡೇಜು ಸುತ್ತಿಕೊಂಡು ಬಂದು ಒಂದೇ ಕೈಯಲ್ಲಿ ಬಾರಿಸಿದ. ಮುಗಿದ ಮೇಲೆ, ಇನ್ನು ಏಳಕ್ಕೇ ಶುರು ಮಾಡೋಣ ಎಂದು ಬಾರಿನ ಯಜಮಾನರನ್ನು ಕೇಳಿಕೊಂಡ.

ಯಜಮಾನರು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಸ್ಸೀಮರು. ಏಳಕ್ಕಾದರೆ ಸಂಸಾರಸ್ಥರು ಬರುತ್ತಾರೆ, ತಡವಾದರೆ ಕುಡಿಯುವವರು ಬರುತ್ತಾರೆ, ನನಗೆ ಎರಡೂ ಒಂದೇ, ನೀವು ಮೂವರು ಒಂದು ಮಾತಿಗೆ ಬನ್ನಿ ಅಂದರು. ಏಳಕ್ಕೆ ಖಾಲಿ ಕುರ್ಚಿಗಳಿಗೆ ನುಡಿಸುವುದಕ್ಕಿಂತ ಅಂಗಡಿಯಲ್ಲಿ ಕೂತು ಕನ್ನಡಕ ಒರೆಸುವುದು ಮೇಲು ಎಂದು ಗಿಟಾರಿನವನು ಸೆಡವಿನಿಂದ ಅಂದ. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ಗುರುವಾರ ಹೇಳುತ್ತೇನೆ ಎಂದು ನುಣುಚಿಕೊಂಡೆ.

ಅಷ್ಟರಲ್ಲಿ ಬ್ರೆಡ್ ತರಲು ಹೋದ ನನ್ನವರ ಕಿವಿಗೆ ಸುದ್ದಿ ಬಿತ್ತು. ಕುಣಿಯುತ್ತಾ ಮನೆಗೆ ಬಂದರು. ನಾನು ಒಂಬತ್ತಕ್ಕೆಲ್ಲ ಮುಗಿಸಿ ಎಲ್ಲರ ಜೊತೆ ಊಟಕ್ಕೆ ಕೂರಬಹುದು, ಮಗಳು ಅಮ್ಮನನ್ನು ನೋಡದೆ ಮಲಗುವುದು ತಪ್ಪುತ್ತದೆ, ಅತ್ತೆಗೂ ಸಮಾಧಾನ. ನೀನು ಬಾಯಿ ಬಿಟ್ಟು ಕೇಳುವವಳಲ್ಲ, ನಾನೇ ಬಂದು ಯಜಮಾನರ ಹತ್ತಿರ ಮಾತಾಡುತ್ತೇನೆ ಅಂದರು. ಬೇಡ ಅಂದೆ. ಸಂಕೋಚ ಅಂದುಕೊಂಡರು.

ಗುರುವಾರ ಆರಕ್ಕೆ ನಾನು ಹೋಗುವಷ್ಟರಲ್ಲಿ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೌಂಟರಿನ ಮುಂದೆ ಕಿತ್ತಳೆ ಜ್ಯೂಸ್ ಕುಡಿಯುತ್ತಾ ಕೂತಿದ್ದರು. ಬೇಕರಿಯವನೂ ಗಿಟಾರಿನವನೂ ಅವತ್ತು ಬೇಗ ಬಂದಿದ್ದರು. ಎಲ್ಲರೂ ನನ್ನ ಮಾತಿಗೇ ಕಾಯುತ್ತಿದ್ದರು. ರಾತ್ರಿಯಾಗದೆ ನನ್ನ ಗಂಟಲು ತೆರೆಯುವುದಿಲ್ಲ ಅನ್ನಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ನನ್ನವರ ಎದುರು ಅದು ಬಾಯಿಗೆ ಬರಲಿಲ್ಲ, ಬೆಳಿಗ್ಗೆ ಪಾತ್ರೆ ತೊಳೆಯುವಾಗ ನಾನು ಹಾಡುವುದನ್ನು ಅವರು ದಿನಾ ಕೇಳುತ್ತಾರೆ. ಕೊನೆಗೆ ಹಳೆಯ ಸುಳ್ಳನ್ನೇ ಹಿಡಿದುಕೊಂಡೆ.

"ಏಳಕ್ಕೆ ಶುರು ಮಾಡ್ಬೇಕು ಅಂದ್ರೆ ಮೂರೂವರೆಗೇ ಬಂದು ವೈರ್ ಜೋಡಿಸ್ಬೇಕಾಗತ್ತೆ. ನಂಗೆ ಕ್ಲಿನಿಕ್ ಇದೆಯಲ್ಲ" ಅಂದೆ.

ಗಿಟಾರಿನವನು ಬಾಯಿ ತೆರೆದ. ನಾನು ಅವನನ್ನು ದುರುಗುಟ್ಟಿ ನೋಡಿದೆ, ಮುಚ್ಚಿಕೊಂಡ. ನನ್ನವರು ಮಾತ್ರ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ ಎಂದು ಎದ್ದು, ತೋಳು ಮಡಚಿ, ವೇದಿಕೆ ಹತ್ತಿದರು. ಮೈಕು ನಿಲ್ಲಿಸಿದರು, ಸ್ಪೀಕರು ಜೋಡಿಸಿದರು, ಯಾರೂ ಎಡವದ ಹಾಗೆ ವೈರನ್ನು ಗೋಡೆಯ ಅಂಚಿಗೆ ಸರಿಸಿ ಟೇಪು ಹಚ್ಚಿದರು. ಹಲೋ ಹಲೋ ಅಂದರು. ಗಡಿಯಾರ ನೋಡಿದೆ, ಹನ್ನೊಂದು ನಿಮಿಷ. ಮೊದಲು ಅವರ ಮುಖದಲ್ಲಿದ್ದದ್ದು ಕೆಲಸ ಮುಗಿದ ಖುಷಿ. ಆಮೇಲೆ ಅದು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಕೆಳಗಿಳಿದು ಬಂದು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದರು.

"ಆರರಿಂದ ಒಂಬತ್ತೂವರೆವರೆಗೆ ಏನ್ ಮಾಡ್ತಿದ್ದೆ?"

"ಮೇಲೆ ಸುಮ್ನೆ ಕೂತಿರ್ತಿದ್ದೆ."

"ಯಾರ ಜೊತೆ?"

"ಒಬ್ಬಳೇ."

ಅವರನ್ನು ಮೇಲಕ್ಕೆ ಕರೆದುಕೊಂಡು ಹೋದೆ. ಅವರು ಲೈಟ್ ಹಾಕಿದರು. ಬೆಳಕಿನಲ್ಲಿ ಆ ಕೋಣೆಯನ್ನು ನಾನೂ ಸರಿಯಾಗಿ ನೋಡಿದ್ದು ಅವತ್ತೇ, ಎಂಥ ಕೊಳಕು. ಕ್ರೇಟುಗಳ ಹಿಂದೆ ಇಣುಕಿದರು, ಕಿಟಕಿ ತೆರೆದು ಕೆಳಗೆ ನೋಡಿದರು. ಎರಡನೆಯವರು ಕೂರುವ ಜಾಗವೇ ಅಲ್ಲಿರಲಿಲ್ಲ. ಸುಳ್ಳು ಹೇಳಿ ಎರಡು ವರ್ಷ ಕಣ್ಣಿಗೆ ಮಣ್ಣೆರಚಿದೆಯಲ್ಲ ಎಂದು ಬೈಯಲಿ ಅಂತ ಕಾಯುತ್ತಿದ್ದೆ. ಬೈದರೆ ನಾನೂ ಎಲ್ಲವನ್ನೂ ಹೇಳಿಬಿಡುತ್ತಿದ್ದೆ, ನನ್ನ ಉಸಿರು ಕಟ್ಟುತ್ತಿದೆ ಅಂತ ಕೂಗಿಯಾದರೂ ಹೇಳುತ್ತಿದ್ದೆ. ಅವರು ನಿಟ್ಟುಸಿರು ಬಿಟ್ಟು ನಕ್ಕರು. ಹೆದರಿದ ಮನುಷ್ಯ ನಗುವ ಹಾಗೆ ನಕ್ಕರು.

"ಇಷ್ಟೇ ತಾನೆ? ಹೀಗೆ ಮನೇಲೇ ಕೂರಬಹುದಿತ್ತಲ್ಲ."

ನಾನು ಲೈಟ್ ಆರಿಸಿದೆ. ಕೆಳಗೆ ಬಂದಾಗ ಬೇಕರಿಯವನು ಹಲ್ಲಿನಲ್ಲಿ ಬ್ಯಾಂಡೇಜಿನ ಒಂದು ತುದಿ ಕಚ್ಚಿಕೊಂಡು ಇನ್ನೊಂದನ್ನು ಬಿಗಿಯುತ್ತಿದ್ದ. ಗಾಯ ಇನ್ನೂ ಹಸಿಯಾಗಿತ್ತು.

"ಅಕ್ಕ, ನಿಮಗೆ ತೊಂದ್ರೆ ಆಗೋದಾದ್ರೆ ಬೇಡ. ನಾನೇ ಡ್ರಮ್ ಬಿಟ್ಬಿಡ್ತೀನಿ" ಅಂದ.

ಅವನ ಮಾತಿನಲ್ಲಿ ಕಪಟ ಎಳ್ಳಷ್ಟೂ ಇರಲಿಲ್ಲ. ಏಳಕ್ಕೇ ಆಗಲಿ ಅಂದೆ. ಗಿಟಾರಿನವನು ಭುಜ ಕುಣಿಸಿದ. ಯಜಮಾನರು ಚಾಕ್‌ಪೀಸ್ ತಂದು ಹೊರಗಿನ ಬೋರ್ಡಿನಲ್ಲಿ ಹೊಸ ಹೊತ್ತು ಬರೆದರು. ನನ್ನವರು ನನ್ನ ಬೆನ್ನು ತಟ್ಟಿದರು.

ಶನಿವಾರದಿಂದಲೇ ಹಾಗೆ ನಡೆಯಿತು. ಏಳಕ್ಕೆ ಜನವೂ ಬಂದರು, ಗಿಟಾರಿನವನ ಮಾತು ಸುಳ್ಳಾಯಿತು. ಕ್ಲಿನಿಕ್ಕಿನಿಂದ ಮನೆಗೆ ಹೋಗಿ ಅತ್ತೆಗೆ ಮಾತ್ರೆ ಕೊಟ್ಟು, ಓಡುತ್ತಾ ಬಂದು ಹಾಡಿದೆ. ಮುಗಿದಾಗ ನನ್ನವರು ಸ್ಕೂಟರ್ ತಂದು ಬಾಗಿಲಲ್ಲಿ ನಿಂತಿದ್ದರು. ಒಂಬತ್ತೂವರೆಗೆ ನಾನು ಮನೆಯೊಳಗಿದ್ದೆ.

ಅತ್ತೆಯ ಮಂಚದ ಪಕ್ಕದಲ್ಲಿ ಒಂದು ಆರಾಮ ಕುರ್ಚಿ ಇತ್ತು. ನನ್ನವರು ಎಲ್ಲಿಂದಲೋ ತಂದು, ಹೊಸ ಬೆತ್ತ ಹೆಣೆಸಿ, ಪಾಲಿಶ್ ಹಾಕಿಸಿದ್ದರು. ಮನೆಯಲ್ಲಿ ಅದು ಹಿಡಿಸುವ ಜಾಗ ಅದೊಂದೇ. ಅಮ್ಮ ದಿನಾ ಅರ್ಧ ಗಂಟೆ ಸುಮ್ಮನೆ ಕೂರುತ್ತಾಳೆ, ಯಾರೂ ಮಾತಾಡಿಸಕೂಡದು ಎಂದು ಮಗಳಿಗೂ ಅತ್ತೆಗೂ ತಾಕೀತು ಮಾಡಿಯಾಗಿತ್ತು.

ಕೂತೆ. ಮಗಳು ಬಂದು ನನ್ನ ಕಾಲ ಬಳಿ ಚಕ್ಕಳಮಕ್ಕಳ ಹಾಕಿ, ತುಟಿಯ ಮೇಲೆ ಬೆರಳಿಟ್ಟುಕೊಂಡಳು. ನನ್ನವರು ಮಂಚದ ತುದಿಯಲ್ಲಿ ಕೂತು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡರು. ಅತ್ತೆ ಕಷ್ಟಪಟ್ಟು ನನ್ನ ಕಡೆಗೆ ಹೊರಳಿ, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಾ ಮಲಗಿದರು. ಮೂವರಿಗೂ ನನ್ನ ಮೇಲೆ ಎಷ್ಟು ಅಕ್ಕರೆ ಎಂಬುದು ನನಗೆ ಗೊತ್ತಿತ್ತು, ಎದ್ದು ಓಡಬೇಕು ಅನಿಸುತ್ತಿತ್ತು, ಓಡಲು ಇನ್ನು ಯಾವ ನೆಪವೂ ಉಳಿದಿರಲಿಲ್ಲ.

ಹತ್ತು ನಿಮಿಷವಾದ ಮೇಲೆ ಅತ್ತೆಗೆ ತಡೆಯಲಾಗಲಿಲ್ಲ.

"ಹಾಯಾಗಿದೆಯೇನಮ್ಮ?" ಎಂದು ಪಿಸುಗುಟ್ಟಿದರು.

"ಹಾಯಾಗಿದೆ ಅತ್ತೆ" ಅಂದೆ.